ಆ ತಾಯಿ ಕೇಳಿದ್ದು ಒಂದು ತಾರೀಕು

ಕರ್ನಾಟಕ ಸರ್ಕಾರದ ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಸಮಾಜ ಕಲ್ಯಾಣ ಸಚಿವರಿಗೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು.

ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ನಿವೃತ್ತಿಯಾಗಿ ಎರಡು ವರ್ಷವಾಯಿತು. ಪಾಠದ ಜೊತೆಗೆ ಶಾಲೆಯ ಸ್ಕಾಲರ್‌ಶಿಪ್ ಕೆಲಸವನ್ನೂ ಹನ್ನೊಂದು ವರ್ಷ ನೋಡಿಕೊಂಡಿದ್ದೇನೆ. ಅರ್ಜಿ ತುಂಬುವುದು, ದಾಖಲೆ ಜೋಡಿಸುವುದು, ದುಡ್ಡು ಬಂತಾ ಇಲ್ವಾ ಅಂತ ನೋಡುವುದು, ಬರದಿದ್ದರೆ ಕಚೇರಿಗೆ ಅಲೆಯುವುದು. ಆ ಹನ್ನೊಂದು ವರ್ಷದಲ್ಲಿ ನನಗೆ ಮನದಟ್ಟಾದ ಒಂದು ವಿಷಯವನ್ನು ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಸ್ಕಾಲರ್‌ಶಿಪ್ ಎಷ್ಟು ಬರುತ್ತದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದು ಬಡವರ ಮನೆಯಲ್ಲಿ ದೊಡ್ಡ ಮಾತು.

ನಮ್ಮ ಕಡೆ ಮಳೆಗಾಲ ಮುಗಿಯುತ್ತಿದ್ದಂತೆ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ. ದಸರಾ ರಜೆ ಮುಗಿದ ಮೇಲೆ ಹಾಜರಿ ಪುಸ್ತಕ ನೋಡಿದರೆ ಸಾಕು, ಹೊಲದಲ್ಲಿ ಬೆಳೆ ಹೇಗಿದೆ ಅಂತ ಗೊತ್ತಾಗುತ್ತದೆ. ಬೆಳೆ ಚೆನ್ನಾಗಿದ್ದ ವರ್ಷ ಬೆಂಚು ಖಾಲಿ. ಬೆಳಿಗ್ಗೆ ಊರ ಮುಂದೆ ಟಂಟಂ ಬಂದು ನಿಲ್ಲುತ್ತದೆ. ಅದರಲ್ಲಿ ಹೆಂಗಸರ ನಡುವೆ ನಮ್ಮ ಒಂಬತ್ತನೇ ತರಗತಿಯ ಹುಡುಗಿಯರು ಅಪ್ಪನ ಹಳೇ ಅಂಗಿ ತೊಟ್ಟು ಕುಳಿತಿರುತ್ತಾರೆ. ಕೂಲಿ ಕೆಜಿ ಲೆಕ್ಕ. ಒಣಗಿದ ಹತ್ತಿಕಾಯಿಯ ತುದಿ ಮುಳ್ಳಿನ ಹಾಗೆ ಚೂಪಾಗಿರುತ್ತದೆ. ನಾಲ್ಕು ದಿನ ತಪ್ಪಿಸಿಕೊಂಡು ಐದನೇ ದಿನ ಶಾಲೆಗೆ ಬಂದ ಮಗುವನ್ನು ಬೋರ್ಡಿನ ಹತ್ತಿರ ಕರೆದರೆ ಸೀಮೆಸುಣ್ಣ ಹಿಡಿಯಲು ಬೆರಳು ಮಡಚುವುದಕ್ಕೇ ಆಗುತ್ತಿರಲಿಲ್ಲ. ಉಗುರಿನ ಸುತ್ತ ಗೀರು ಗೀರು. ಹತ್ತಿ ಬಿಡಿಸಿದ ಕೈಗೆ ಲೆಕ್ಕ ಬಿಡಿಸು ಅಂತ ಹೇಳಲು ನನಗೂ ಬಾಯಿ ಬರುತ್ತಿರಲಿಲ್ಲ.

ಮೂರ್ನಾಲ್ಕು ವರ್ಷದ ಹಿಂದಿನ ಮಾತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಓದಿನಲ್ಲಿ ಚುರುಕು, ಬೀಜಗಣಿತ ಅಂದರೆ ಜೀವ. ಅಪ್ಪ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಮನೆಯಲ್ಲಿ ತಾಯಿ, ಅಜ್ಜಿ, ನಾಲ್ಕನೇ ತರಗತಿಯ ತಂಗಿ. ಈ ಹುಡುಗಿಗೆ ಸ್ಕಾಲರ್‌ಶಿಪ್ ಮಂಜೂರಾಗಿತ್ತು, ಆದರೆ ದುಡ್ಡು ಬಂದಿರಲಿಲ್ಲ. ದೀಪಾವಳಿಗೆ ಹತ್ತು ದಿನ ಇರುವಾಗ ಅವಳು ಶಾಲೆಗೆ ಬರುವುದು ಕಡಿಮೆಯಾಯಿತು. ನಾನು ಮನೆಗೆ ಹೋದೆ. ತಾಯಿ ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟಳು. ತಂಗಿ ಹೊಸ್ತಿಲಲ್ಲಿ ಕುಳಿತು ಎಂಟರ ಮಗ್ಗಿ ಹೇಳುತ್ತಿದ್ದಳು.

ಆ ತಾಯಿ ಅಳಲಿಲ್ಲ, ಬಡತನ ಹೇಳಿಕೊಳ್ಳಲಿಲ್ಲ. ನೇರವಾಗಿ ಲೆಕ್ಕಕ್ಕೆ ಬಂದಳು. ಹತ್ತಿ ಬಿಡಿಸಲು ಜನ ಕರೆದೊಯ್ಯುವ ಮೇಸ್ತ್ರಿ ಮುಂಗಡ ಕೊಡುತ್ತೇನೆ ಅಂದಿದ್ದಾನೆ. ಇಬ್ಬರು ಬಂದರೆ ಜಾಸ್ತಿ, ಒಬ್ಬಳೇ ಬಂದರೆ ಕಡಿಮೆ. ಕಿರಾಣಿ ಅಂಗಡಿಯವನು ಹಬ್ಬದೊಳಗೆ ಬಾಕಿ ತೀರಿಸು ಅನ್ನುತ್ತಿದ್ದಾನೆ. "ಟೀಚರ್ರೀ, ಸ್ಕಾಲರ್‌ಶಿಪ್ ರೊಕ್ಕ ಯಾವಾಗ ಬರ್ತೈತಿ ಅಂತ ಒಂದು ತಾರೀಕು ಹೇಳ್ರೀ. ಅಲ್ಲೀತನ ನಾ ಹ್ಯಾಂಗರ ತಡೀತೀನಿ" ಅಂದಳು.

ನನ್ನ ಹತ್ತಿರ ತಾರೀಕು ಇರಲಿಲ್ಲ. ಬರುತ್ತದಮ್ಮ, ಇನ್ನೇನು ಬಂದೇ ಬಿಡುತ್ತದೆ ಅಂದೆ. ಅದು ಉತ್ತರವಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡು ದಿನ ಬಿಟ್ಟು ಅವಳು ಮುಂಗಡ ತೆಗೆದುಕೊಂಡಳು, ಇಬ್ಬರ ಲೆಕ್ಕದಲ್ಲಿ.

ಮುಂಗಡ ಅಂದರೆ ಸುಮ್ನೆ ಸಾಲವಲ್ಲ. ಒಮ್ಮೆ ಕೈಗೆ ತೆಗೆದುಕೊಂಡರೆ ಅದು ತೀರುವ ತನಕ ಕೆಲಸಕ್ಕೆ ಹೋಗಲೇಬೇಕು. ನಡುವೆ ಪರೀಕ್ಷೆ ಇದೆ ಅಂದರೆ ಮೇಸ್ತ್ರಿ ಕೇಳುವುದಿಲ್ಲ. ಹತ್ತಿ ಮುಗಿದ ಮೇಲೆ ಮೆಣಸಿನಕಾಯಿ ಬಿಡಿಸಲು ಕರೆಯುತ್ತಾನೆ. ಹುಡುಗಿ ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಗೆ ಬರಲಿಲ್ಲ. ಬೇಸಿಗೆಯಲ್ಲಿ ಅಪ್ಪನ ಹತ್ತಿರ ಬೆಂಗಳೂರಿಗೆ ಹೋದಳು. ಅವಳ ಸ್ಕಾಲರ್‌ಶಿಪ್ ಜಮೆಯಾದದ್ದು ಮುಂದಿನ ವರ್ಷದ ಜುಲೈನಲ್ಲಿ. ಎಲ್ಲ ಹಣ, ಒಂದು ರೂಪಾಯಿಯೂ ಕಡಿಮೆಯಾಗದೆ ಬಂತು. ದಾಖಲೆಯಲ್ಲಿ ನೋಡಿದರೆ ಆ ಯೋಜನೆ ಅವಳನ್ನು ತಲುಪಿದೆ.

ಅದೇ ತರಗತಿಯ ಇನ್ನೊಬ್ಬ ಹುಡುಗಿಯ ಮಾತನ್ನೂ ಹೇಳಬೇಕು. ಮನೆ ಪರಿಸ್ಥಿತಿ ಹೆಚ್ಚುಕಡಿಮೆ ಒಂದೇ, ಓದಿನಲ್ಲಿ ಇವಳು ಸ್ವಲ್ಪ ಹಿಂದೆಯೇ. ಆದರೆ ಇವಳ ಹಣ ಸೆಪ್ಟೆಂಬರ್‌ನಲ್ಲಿ ಬಂತು. ಅವಳ ತಾಯಿ ಅದರಲ್ಲಿ ಅಂಗಡಿ ಬಾಕಿ ತೀರಿಸಿದಳು, ಮಗಳಿಗೆ ಚಪ್ಪಲಿ ಮತ್ತು ನೋಟ್‌ಬುಕ್ ತಂದಳು, ಮೇಸ್ತ್ರಿ ಬಂದಾಗ ನಾನೊಬ್ಬಳೇ ಬರುತ್ತೇನೆ ಅಂದಳು. ಆ ಹುಡುಗಿ ಎಸ್‌ಎಸ್‌ಎಲ್‌ಸಿ ಪಾಸಾದಳು, ಪಿಯುಸಿ ಮುಗಿಸಿದಳು, ಈಗ ನರ್ಸಿಂಗ್ ಓದುತ್ತಿದ್ದಾಳೆ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ. ಇವಳ ಹೆಸರು ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಒಂದೇ ಥರ ಇತ್ತು. ಮೊದಲನೆಯವಳ ಹೆಸರಿನ ಕೊನೆಗೆ ಒಂದು ಕಡೆ "ಮ್ಮ" ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಸ್ಕಾಲರ್‌ಶಿಪ್ ದುಡ್ಡು ಮನೆ ಖರ್ಚಿಗೆ ಹೋಗುತ್ತದೆ, ಮಗುವಿನ ಓದಿಗೆ ಹೋಗುವುದಿಲ್ಲ ಅಂತ ಆಕ್ಷೇಪಿಸುವವರನ್ನು ಬಹಳ ಕೇಳಿದ್ದೇನೆ. ಕೆಲವು ಸಹೋದ್ಯೋಗಿಗಳೂ ಹಾಗೇ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಪುಸ್ತಕ ನೀವು ಕೊಡುತ್ತೀರಿ, ಯೂನಿಫಾರ್ಮ್ ಕೊಡುತ್ತೀರಿ, ಹತ್ತನೇ ತರಗತಿ ತನಕ ಬಿಸಿಯೂಟ, ಹಾಲು, ಮೊಟ್ಟೆ ಕೊಡುತ್ತೀರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಚಾರ್ಜೂ ತಪ್ಪಿತು. ಇವೆಲ್ಲ ಶಾಲೆಗೆ ಬಂದ ಮಗುವಿಗೆ ಸಿಗುವಂಥವು. ಆದರೆ ಮಗುವನ್ನು ಶಾಲೆಯಿಂದ ಎಳೆಯುವುದು ಪುಸ್ತಕದ ಖರ್ಚಲ್ಲ, ಮನೆಯ ಬಾಕಿ. ಅಂಗಡಿ ಸಾಲ ತೀರಿಸಿದ ದುಡ್ಡು ಮಗುವಿನ ಓದಿಗೇ ಹೋಯಿತು. ಮೇಲಿನ ಎರಡನೇ ಹುಡುಗಿಯ ಮನೆಯಲ್ಲಿ ಆದದ್ದು ಅದೇ ಅಲ್ವಾ?

ಒಂಬತ್ತನೇ ತರಗತಿಯನ್ನೇ ಯಾಕೆ ಹಿಡಿದುಕೊಂಡಿದ್ದೇನೆ ಅಂದರೆ ಅದಕ್ಕೆ ಕಾರಣವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿ ತನಕ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನವರನ್ನು ಕೂಲಿಗೆ ಇಟ್ಟು ದುಡಿಸುವಂತಿಲ್ಲ. ಆದರೆ 14 ತುಂಬಿದವರಿಗೆ ಅಪಾಯಕಾರಿ ಕೆಲಸಗಳು ಮಾತ್ರ ನಿಷಿದ್ಧ. ಅಂದರೆ ಹದಿನಾಲ್ಕು ತುಂಬಿದ ದಿನ ಎರಡೂ ಕಾಯ್ದೆ ಒಟ್ಟಿಗೇ ಮಗುವಿನ ಕೈ ಬಿಡುತ್ತವೆ. ಎಂಟನೇ ತರಗತಿಯ ಮಗು ಶಾಲೆ ತಪ್ಪಿಸಿದರೆ ಮನೆಗೆ ಹೋಗಿ ಕಾನೂನಿನ ಹೆಸರು ಹೇಳಿ ಕರೆತರುತ್ತಿದ್ದೆವು. ಒಂಬತ್ತನೇ ತರಗತಿಯ ಮಗುವಿನ ಮನೆಗೆ ಹೋದಾಗ ನಮ್ಮ ಕೈಯಲ್ಲಿ ಇದ್ದದ್ದು ಸ್ಕಾಲರ್‌ಶಿಪ್ ಒಂದೇ.

ಅದರ ಮೊತ್ತವನ್ನೂ ಸ್ವಲ್ಪ ನೋಡೋಣ. ಗಣಿತದವಳು, ಲೆಕ್ಕ ಹಾಕದೆ ಇರಲಾರೆ. ಪರಿಶಿಷ್ಟ ಜಾತಿಯ 9 ಮತ್ತು 10ನೇ ತರಗತಿಯ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಮನೆಯಿಂದ ಬರುವವರಿಗೆ ವರ್ಷಕ್ಕೆ 3,500 ರೂಪಾಯಿ, ಹಾಸ್ಟೆಲ್ ಮಕ್ಕಳಿಗೆ 7,000. ನಮ್ಮ ರಾಜ್ಯದಲ್ಲಿ 2025-26ರ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ಭಾಗಿಸಿದರೆ ಒಂಬತ್ತೂವರೆ ದಿನದ ಕೂಲಿ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಪಾಸಾದವರಿಗೆ ಸಿಗುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ತಿಂಗಳಿಗೆ 1,000ದಂತೆ ವರ್ಷಕ್ಕೆ 12,000. ಅದು ಮೂವತ್ತೆರಡು ದಿನದ ಕೂಲಿ. ಅದು ದೊಡ್ಡ ಹಣವೇ, ಆದರೆ ಇಡೀ ದೇಶಕ್ಕೆ ವರ್ಷಕ್ಕೆ ಹೊಸದಾಗಿ ಸಿಗುವುದು 1 ಲಕ್ಷ ಮಕ್ಕಳಿಗೆ ಮಾತ್ರ. ಪಿಯುಸಿಗೆ ಹೋದ ಮೇಲೆ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. ಅದು ನಿಜವಾಗಿ ಮಕ್ಕಳನ್ನು ಊರಿಂದ ಪೇಟೆಗೆ ದಾಟಿಸಿದ ಯೋಜನೆ, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅಲ್ಲಿಗೆ ತಲುಪಬೇಕಾದರೆ ಮಗು ಮೊದಲು 9 ಮತ್ತು 10 ದಾಟಬೇಕು. ದಾರಿಯ ಅತಿ ಕಷ್ಟದ ಜಾಗದಲ್ಲೇ ನಮ್ಮ ಕೈ ಬಿಗಿ.

ಮೊತ್ತ ಹೆಚ್ಚಿಸಿ ಅಂತ ಕೇಳುವುದು ನನ್ನ ಹಕ್ಕು, ಕೇಳುತ್ತೇನೆ ಕೂಡ. ಆದರೆ ಅದಕ್ಕೆ ಮೊದಲು, ಇರುವ 3,500 ರೂಪಾಯಿ ದಸರಾ ಒಳಗೆ ಕೈಸೇರಲಿ. ಮೇಸ್ತ್ರಿಯ ಮುಂಗಡ ಹಬ್ಬಕ್ಕೆ ಮೊದಲು ಬರುತ್ತದೆ, ನಮ್ಮ ಸ್ಕಾಲರ್‌ಶಿಪ್ ಯುಗಾದಿಗೆ ಬರುತ್ತದೆ. ಒಂಬತ್ತು ದಿನದ ಕೂಲಿ ಸರಿಯಾದ ವಾರದಲ್ಲಿ ಬಂದರೆ ನಾಲ್ಕು ತಿಂಗಳ ಕೂಲಿಯನ್ನು ತಡೆಯುತ್ತದೆ. ಯುಗಾದಿಗೆ ಬಂದ ದುಡ್ಡು ಹಬ್ಬದ ಹೋಳಿಗೆಗೆ ಆಗುತ್ತದೆ, ಬೇರೆ ಯಾವುದಕ್ಕೂ ಆಗುವುದಿಲ್ಲ.

ಹಳೆಯವರಿಗೆ ಇದು ಗೊತ್ತಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ ಊಟ, ಮಂಗಳವಾರ ಇನ್ನೊಬ್ಬರ ಮನೆ. ಎಲ್ಲ ಜಾತಿಯ ಮಕ್ಕಳಿಗೂ ಆ ಬಾಗಿಲು ತೆರೆದಿರಲಿಲ್ಲ, ಅದನ್ನು ನಾನು ಮರೆತಿಲ್ಲ. ಆದರೆ ಸೋಮವಾರದ ಅನ್ನ ಸೋಮವಾರವೇ ಸಿಗುತ್ತಿತ್ತು. ಬಾಬಾಸಾಹೇಬ್ ಅಂಬೇಡ್ಕರರಿಗೆ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಬಿ.ಎ. ಓದಲು ಕೊಟ್ಟದ್ದು ತಿಂಗಳಿಗೆ 25 ರೂಪಾಯಿ. 1913ರಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ಕೊಟ್ಟದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷದ ಮಟ್ಟಿಗೆ. ಓದುವ ಮಗು ತಿಂಗಳು ತಿಂಗಳೂ ಉಣ್ಣಬೇಕು ಅನ್ನುವ ತಿಳಿವಳಿಕೆ ಅದರಲ್ಲಿದೆ. ದೂರದ ಮೆಕ್ಸಿಕೋದಲ್ಲಿ 1997ರಲ್ಲಿ ಶುರುವಾದ ಪ್ರೋಗ್ರೆಸಾ ಯೋಜನೆಯಲ್ಲೂ ಮಕ್ಕಳನ್ನು ಶಾಲೆಗೆ ಕಳಿಸುವ ತಾಯಂದಿರ ಕೈಗೆ ಎರಡು ತಿಂಗಳಿಗೊಮ್ಮೆ ಹಣ ಕೊಡುತ್ತಿದ್ದರು. ತರಗತಿ ಮೇಲೇರಿದಂತೆ ಮೊತ್ತವೂ ಏರುತ್ತಿತ್ತು, ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಯಾಕೆಂದರೆ ಮಗು ದೊಡ್ಡದಾದಂತೆ ಅದರ ಕೂಲಿಯೂ ಏರುತ್ತದೆ.

ತಡ ಯಾಕಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ. ನಿಮ್ಮ ಕಚೇರಿಯವರು ಹೇಳುವುದಕ್ಕಿಂತ ಇದು ಸ್ವಲ್ಪ ಬೇರೆಯಾಗಿ ಕಾಣಬಹುದು.

ಶಾಲೆ ಶುರುವಾಗುವುದು ಜೂನ್‌ಗೆ. ಅರ್ಜಿ ಕರೆಯುವ ಹೊತ್ತಿಗೆ ಮಳೆ ಅರ್ಧ ಮುಗಿದಿರುತ್ತದೆ. ಆಮೇಲೆ ಆದಾಯ ಪ್ರಮಾಣಪತ್ರ. ಅದರ ಅವಧಿ ಐದು ವರ್ಷ. ಮುಗಿದಿದ್ದರೆ ನಾಡಕಚೇರಿಗೆ ಹೋಗಬೇಕು, ಅಂದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಸರ್ವರ್ ಇಲ್ಲ ಅಂದರೆ ಎರಡು ದಿನ. ಆ ಪ್ರಮಾಣಪತ್ರದ ಆರ್‌ಡಿ ನಂಬರ್, ಮಗುವಿನ ಸ್ಯಾಟ್ಸ್ (ಶಿಕ್ಷಣ ಇಲಾಖೆ ಪ್ರತಿ ಮಗುವಿನ ವಿವರ ಇಡುವ ಆನ್‌ಲೈನ್ ದಾಖಲೆ) ನಂಬರ್, ಆಧಾರ್, ಎಲ್ಲದರಲ್ಲೂ ಹೆಸರು ಒಂದಕ್ಕೊಂದು ಹೊಂದಬೇಕು. ಹಳ್ಳಿಯಲ್ಲಿ ಮಗುವಿನ ಹೆಸರನ್ನು ಅಂಗನವಾಡಿಯಲ್ಲಿ ಒಂದು ಥರ, ಶಾಲೆಯಲ್ಲಿ ಒಂದು ಥರ, ಆಧಾರ್ ಮಾಡಿಸುವಾಗ ಇನ್ನೊಂದು ಥರ ಬರೆಸಿರುತ್ತಾರೆ. ಬರೆದುಕೊಂಡವರು ನಮ್ಮಂಥವರೇ. ತಾಯಿ ಬಾಯಲ್ಲಿ ಹೇಳಿದ್ದಾಳೆ, ನಾವು ನಮಗೆ ತಿಳಿದಂತೆ ಬರೆದಿದ್ದೇವೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದಕ್ಕೆ ದಂಡ ತೆರುವುದು ಮಾತ್ರ ಮಗು.

ಇಷ್ಟೆಲ್ಲ ದಾಟಿ ಹಣ ಬಿಡುಗಡೆಯಾದರೂ ಬ್ಯಾಂಕ್ ಇದೆ. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಮಗುವಿನ ಹೆಸರಲ್ಲಿ ಎರಡು ಖಾತೆ ಇದ್ದರೆ ಯಾವುದು ಕೊನೆಗೆ ಜೋಡಣೆಯಾಗಿದೆಯೋ ಅದಕ್ಕೆ. ಮನೆಯವರು ಇತ್ತ ಒಂದು ಪಾಸ್‌ಬುಕ್ ಹಿಡಿದು ವಾರ ವಾರ ಎಂಟ್ರಿ ಮಾಡಿಸುತ್ತಿರುತ್ತಾರೆ, ದುಡ್ಡು ಅತ್ತ ಇನ್ನೊಂದು ಖಾತೆಯಲ್ಲಿ ಕುಳಿತಿರುತ್ತದೆ. ಕೆಲವು ಖಾತೆಗಳು ಎರಡು ವರ್ಷ ಬಳಸಿಲ್ಲ ಅಂತ ನಿಂತು ಹೋಗಿರುತ್ತಿದ್ದವು. ಸ್ಕಾಲರ್‌ಶಿಪ್‌ಗೆ ಅಂತ ತೆರೆದ ಝೀರೋ ಬ್ಯಾಲೆನ್ಸ್ ಖಾತೆಯನ್ನು ಹಾಗೆ ನಿಲ್ಲಿಸಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದನ್ನು ಪ್ರತಿ ಶಾಲೆಯ ಗೋಡೆಗೆ ಕನ್ನಡದಲ್ಲಿ ಅಂಟಿಸಿದರೆ ಎಷ್ಟೋ ತಾಯಂದಿರಿಗೆ ಕೌಂಟರಿನ ಮುಂದೆ ನಿಂತು ಮಾತಾಡುವ ಧೈರ್ಯ ಬರುತ್ತದೆ.

ಹಳೇ ಪದ್ಧತಿಯೇ ಒಳ್ಳೆಯದಿತ್ತು ಅಂತ ನಾನು ಹೇಳುವುದಿಲ್ಲ. ನಾನು ಹೈಸ್ಕೂಲು ಓದುವಾಗ ಹೆಡ್‌ಮಾಸ್ಟರರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ನೋಟು ಎಣಿಸಿ ಕೈಗೆ ಕೊಡುತ್ತಿದ್ದರು. ಅಲ್ಲಿ ಸೋರಿಕೆ ಇತ್ತು. ಈಗ ಹಣ ನೇರ ಖಾತೆಗೆ ಬರುತ್ತದೆ, ನಡುವೆ ಯಾರೂ ಕೈ ಹಾಕುವುದಿಲ್ಲ. ಇದು ದೊಡ್ಡ ಒಳ್ಳೆಯದು. ಆದರೆ ಆಗ ಬರಲಿಲ್ಲ ಅಂದರೆ ಕೇಳಲು ಒಬ್ಬ ಹೆಡ್‌ಮಾಸ್ಟರರು ಎದುರಿಗೆ ಇದ್ದರು. ಈಗ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬರುತ್ತದೆ. ಅದನ್ನು ಓದಿ ಅರ್ಥ ಹೇಳಲು ಎಂಟು ಕಿಲೋಮೀಟರ್ ಆಚೆಯ ಸೈಬರ್ ಅಂಗಡಿಯವನು ಐವತ್ತು ರೂಪಾಯಿ ತೆಗೆದುಕೊಳ್ಳುತ್ತಾನೆ.

ಹಾಗಾಗಿ ಮಾನ್ಯರೇ, ನನ್ನ ಬೇಡಿಕೆ ಇದು. ಒಂಬತ್ತನೇ ತರಗತಿಯ ಸ್ಕಾಲರ್‌ಶಿಪ್ ಕೆಲಸವನ್ನು ಎಂಟನೇ ತರಗತಿಯಲ್ಲೇ ಮುಗಿಸಿ. ಜನವರಿಯಿಂದ ಮಾರ್ಚ್ ಒಳಗೆ ಹೆಸರು ಸರಿಪಡಿಸುವುದು, ಪ್ರಮಾಣಪತ್ರ, ಖಾತೆ ಜೋಡಣೆ ಎಲ್ಲ ಆಗಲಿ. ಮಗು ನಮ್ಮ ಕಣ್ಣ ಮುಂದೆಯೇ ಇರುತ್ತದೆ, ಕಾನೂನೂ ನಮ್ಮ ಜೊತೆ ಇರುತ್ತದೆ. ಖಾತೆಗೆ ಅಂಚೆಯವರನ್ನೇ ಶಾಲೆಗೆ ಕರೆಸಬಹುದು. ನಮ್ಮ ಶಾಲೆಗೆ ಒಮ್ಮೆ ಪೋಸ್ಟ್‌ಮ್ಯಾನ್ ಬಂದು ಮೊಬೈಲು ಮತ್ತು ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಒಂದೇ ಮಧ್ಯಾಹ್ನ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದು ಕೊಟ್ಟ. ಯಾವ ತಾಯಿಯ ಕೂಲಿಯೂ ತಪ್ಪಲಿಲ್ಲ.

ಹಣವನ್ನು ಎರಡು ಕಂತು ಮಾಡಿ. ಮೊದಲನೆಯದು ಜೂನ್‌ನಲ್ಲಿ, ಎರಡನೆಯದು ದಸರಾ ರಜೆಗೆ ಮೊದಲು. ಕೇಂದ್ರದ ಪಾಲು ಬರಬೇಕಲ್ಲ ಅಂತ ನೀವು ಹೇಳಬಹುದು. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಈಗ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಅಲ್ಲಿ ರಾಜ್ಯ ತನ್ನ ಪಾಲು ಹಾಕಿದ ಮೇಲೆಯೇ ಕೇಂದ್ರದ ಪಾಲು ಮಗುವಿನ ಖಾತೆಗೆ ಬರುವುದು. ಅಂದರೆ ಮೊದಲ ಹೆಜ್ಜೆ ನಿಮ್ಮದೇ. ಉಳಿದ ಸ್ಕಾಲರ್‌ಶಿಪ್‌ಗಳಿಗೂ ರಾಜ್ಯವೇ ಒಂದು ಆವರ್ತ ನಿಧಿ ಇಟ್ಟು ಮುಂಚಿತವಾಗಿ ಕೊಟ್ಟು, ಕೇಂದ್ರದ ಹಣ ಬಂದಾಗ ಹೊಂದಿಸಿಕೊಳ್ಳಬಹುದು. ಮೇಸ್ತ್ರಿ ಮುಂಗಡ ಕೊಡಬಹುದಾದರೆ ಸರ್ಕಾರ ಯಾಕೆ ಕೊಡಬಾರದು? ಅರ್ಜಿಯಲ್ಲಿ ಏನೋ ಹೊಂದಿಕೆಯಾಗಲಿಲ್ಲ ಅಂದರೂ ಮೊದಲ ಕಂತು ತಡೆಯಬೇಡಿ. ತಿದ್ದಲು ಎರಡನೇ ಕಂತಿನ ತನಕ ಸಮಯ ಕೊಡಿ. ತಡೆದ ಕಾರಣವನ್ನು ಕನ್ನಡದಲ್ಲಿ, ಮುಖ್ಯ ಶಿಕ್ಷಕರಿಗೂ ತಾಯಿಯ ಮೊಬೈಲಿಗೂ ಕಳಿಸಿ. ಯಾವ ಕಾಗದ ತರಬೇಕು, ಎಲ್ಲಿಗೆ ಹೋಗಬೇಕು, ಅಷ್ಟೇ ಇರಲಿ.

ಎನ್‌ಎಂಎಂಎಸ್ ಬಗ್ಗೆ ಇನ್ನೊಂದು ಮಾತು. ಪಾಸಾದ ಮಗು ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಎಂಟನೇ ತರಗತಿಯ ಶಾಲೆ ಬೇರೆ, ಹೈಸ್ಕೂಲು ಬೇರೆ, ಪಿಯು ಕಾಲೇಜು ಬೇರೆ. ಶಾಲೆ ಬದಲಾದಾಗ ಹೇಳುವವರಿಲ್ಲದೆ ನವೀಕರಣ ತಪ್ಪುತ್ತದೆ. ಅಷ್ಟು ಕಷ್ಟದ ಪರೀಕ್ಷೆ ಗೆದ್ದ ಹಳ್ಳಿ ಮಗು ಒಂದು ಗುಂಡಿ ಒತ್ತದ ಕಾರಣಕ್ಕೆ ಹಣ ಕಳೆದುಕೊಂಡದ್ದನ್ನು ನೋಡಿದಾಗ ನಾನು ನಿದ್ದೆ ಮಾಡಿಲ್ಲ. ಹಳೇ ಶಾಲೆಯ ಪಟ್ಟಿ ಹೊಸ ಶಾಲೆಯ ಮುಖ್ಯ ಶಿಕ್ಷಕರ ಮೇಜಿಗೆ ತಾನಾಗಿ ಬರುವಂತೆ ಮಾಡಿ. ಸ್ಯಾಟ್ಸ್‌ನಲ್ಲಿ ಮಗು ಎಲ್ಲಿದೆ ಅನ್ನುವುದು ಈಗಾಗಲೇ ಇದೆ.

ಗಂಡುಮಕ್ಕಳನ್ನೂ ಮರೆಯಬೇಡಿ. ಈಚೆಗೆ ನಮ್ಮ ಶಾಲೆಯಲ್ಲಿ ಒಂಬತ್ತು, ಹತ್ತರಲ್ಲಿ ಬಿಟ್ಟು ಹೋಗುತ್ತಿದ್ದವರಲ್ಲಿ ಹುಡುಗರೇ ಜಾಸ್ತಿ. ಅವರು ಹೊಲಕ್ಕೆ ಹೋಗುವುದಿಲ್ಲ, ನೇರ ಬೆಂಗಳೂರಿಗೆ, ಅಪ್ಪನ ಜೊತೆ. ಹೋದವರು ತಿರುಗಿ ಬರುವುದಿಲ್ಲ.

ಕಳೆದ ತಿಂಗಳು ಆ ಮೊದಲನೇ ಹುಡುಗಿಯ ತಾಯಿ ಸಂತೆಯಲ್ಲಿ ಸಿಕ್ಕಿದ್ದಳು. ಮಗಳು ಬೆಂಗಳೂರಿನಲ್ಲೇ ಇದ್ದಾಳಂತೆ, ಮನೆ ಕೆಲಸ ಮಾಡುತ್ತಾಳಂತೆ, ಮದುವೆ ಮಾತುಕತೆ ನಡೆದಿದೆಯಂತೆ. ನನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಚೀಲದಿಂದ ಎರಡು ಸೌತೆಕಾಯಿ ತೆಗೆದು ನನ್ನ ಕೈಗಿಟ್ಟಳು. ಮಗ್ಗಿ ಹೇಳುತ್ತಿದ್ದ ಆ ಚಿಕ್ಕವಳು ಈ ಜೂನ್‌ಗೆ ಎಂಟನೇ ತರಗತಿ. ಅವಳಿಗೂ ಗಣಿತ ಅಂದರೆ ಇಷ್ಟವಂತೆ. "ಇಕಿಗೂ ಸ್ಕಾಲರ್‌ಶಿಪ್ ಬರ್ತೈತೇನ್ರೀ ಟೀಚರ್?" ಅಂತ ಕೇಳಿದಳು. ಬರುತ್ತದೆ ಅಂದೆ. ಯಾವಾಗ ಅಂತ ಈ ಸಲ ಅವಳು ಕೇಳಲಿಲ್ಲ.

ಮುಂದಿನ ವರ್ಷ ದಸರಾ ಹೊತ್ತಿಗೆ ಆ ಮಗು ಒಂಬತ್ತನೇ ತರಗತಿಯಲ್ಲಿ ಇರುತ್ತಾಳೆ. ನೀವು ಒಂದು ತಾರೀಕು ಹೇಳಿ. ನಾನೇ ಆ ಮನೆಗೆ ಹೋಗಿ ಹೇಳಿ ಬರುತ್ತೇನೆ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ರಾಯಚೂರು ಜಿಲ್ಲೆ